ಹಿಸ್ಸೆ ಯಾರದು, ಹಿಡಿತ ಯಾರದು? – ಎಣ್ಣೆ ಕಂಪನಿಗಳ ಒಡೆತನದ ಇತಿಹಾಸ



ಪೆಟ್ರೋಲ್ ಬೆಲೆ ಏರಿದ ದಿನ ನಮ್ಮ ಊರುಗಳ ಕಟ್ಟೆಯ ಮೇಲೆ ಅದೇ ಮಾತು. ಒಬ್ಬರು ಸರ್ಕಾರವನ್ನು ಬೈಯುತ್ತಾರೆ, ಇನ್ನೊಬ್ಬರು ಅರಬ್ ದೇಶಗಳನ್ನು, ಮತ್ತೊಬ್ಬರು ಕಂಪನಿಗಳನ್ನು. ಆದರೆ ಈ ಕಂಪನಿಗಳ ಒಡೆಯರು ಯಾರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಷೇರುದಾರರೇ ಒಡೆಯರು ಎಂದು ವಾಣಿಜ್ಯ ವಿಷಯದ ವಿದ್ಯಾರ್ಥಿ ಥಟ್ಟನೆ ಉತ್ತರ ಕೊಡುತ್ತಾನೆ. ಉತ್ತರ ಸರಿ. ಆದರೆ ಅದು ಅರ್ಧ ಉತ್ತರ. ಷೇರು ಇದ್ದವರೆಲ್ಲರ ಮಾತೂ ಕಂಪನಿಯಲ್ಲಿ ನಡೆಯುತ್ತದೆಯೇ? ನೂರು ವರ್ಷಗಳ ಇತಿಹಾಸವನ್ನು ಓದಿದರೆ ಹಿಸ್ಸೆ ಬೇರೆ, ಹಿಡಿತ ಬೇರೆ ಎಂಬುದು ಸ್ಪಷ್ಟವಾಗುತ್ತದೆ. ಈ ವ್ಯತ್ಯಾಸವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಿಸ್ಸೆ ಎಂಬ ಮಾತು

'ಹಿಸ್ಸಾ' ಎಂಬ ಪದ ಅರಬ್ಬಿಯಿಂದ ಫಾರಸಿ, ಉರ್ದುಗಳ ಮೂಲಕ ನಮ್ಮ ಕನ್ನಡಕ್ಕೆ ಬಂದಿದೆ. ನಿಮ್ಮ ಮನೆಯ ಹೊಲದ ಪಹಣಿ ತೆಗೆದು ನೋಡಿ. ಸರ್ವೆ ನಂಬರಿನ ಪಕ್ಕದಲ್ಲಿ ಹಿಸ್ಸಾ ನಂಬರ್ ಇರುತ್ತದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಾಗ ಪ್ರತಿಯೊಬ್ಬನ ಹಿಸ್ಸೆಗೂ ಬದು ಬೀಳುತ್ತದೆ. ಬದುವಿನ ಒಳಗೆ ಜೋಳ ಬಿತ್ತಬೇಕೋ ಹತ್ತಿ ಬಿತ್ತಬೇಕೋ ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಹೊಲದಲ್ಲಿ ಹಿಸ್ಸೆ ಇದ್ದವನಿಗೆ ಹಿಡಿತವೂ ಇದೆ.

ಕಂಪನಿಯ ಹಿಸ್ಸೆ ಹಾಗಲ್ಲ. ಅಲ್ಲಿ ಬದು ಇಲ್ಲ. ಇಡೀ ಹೊಲ ಒಂದೇ, ಉಳುಮೆಯೂ ಒಂದೇ. ಏನು ಬಿತ್ತಬೇಕೆಂಬುದನ್ನು ಮತ ಹಾಕಿ ತೀರ್ಮಾನಿಸುತ್ತಾರೆ. ಆ ಮತವನ್ನು ತಲೆ ಎಣಿಸಿ ಹಾಕುವುದಿಲ್ಲ, ಷೇರು ಎಣಿಸಿ ಹಾಕುತ್ತಾರೆ. ಒಂದು ಷೇರಿಗೆ ಒಂದು ಮತ. ನೂರರಲ್ಲಿ ಐವತ್ತೊಂದು ಷೇರು ಒಬ್ಬನ ಕೈಯಲ್ಲಿದ್ದರೆ ಉಳಿದ ನಲವತ್ತೊಂಬತ್ತು ಷೇರು ಲಕ್ಷ ಜನರ ಕೈಯಲ್ಲಿದ್ದರೂ ಸಾಮಾನ್ಯ ತೀರ್ಮಾನಗಳಲ್ಲಿ ಅವನ ಮಾತೇ ಗೆಲ್ಲುತ್ತದೆ.

1905: ಕಣಗಿನಹಾಳ ಮತ್ತು ಗ್ಲಾಸ್ಗೋ

ಇದಕ್ಕೆ ಬೇರೆ ದಾರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಅದನ್ನು ತೋರಿಸಿದ್ದು ನಮ್ಮದೇ ಗದಗ ತಾಲೂಕು. 1905ರ ಮೇ ತಿಂಗಳಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. 1904ರ ಸಹಕಾರ ಕಾಯಿದೆಯ ಅಡಿಯಲ್ಲಿ ದೇಶದಲ್ಲಿ ಹುಟ್ಟಿದ ಮೊದಲ ಕೃಷಿ ಪತ್ತಿನ ಸಂಘ ಎಂದು ಅದು ಹೆಸರಾಗಿದೆ. ಸಹಕಾರದ ಮೂಲ ತತ್ವ ಸರಳ: ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಷೇರು ಹಿಡಿದ ಗೌಡರಿಗೂ ಒಂದು ಷೇರು ಹಿಡಿದ ಬಡ ರೈತನಿಗೂ ಒಂದೇ ಮತ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಲ್ಲೂ ಇದೇ ತತ್ವವಿದೆ.

ಅದೇ 1905ರಲ್ಲಿ ದೂರದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇನ್ನೊಂದು ಒಪ್ಪಂದವಾಯಿತು. ವಿಲಿಯಂ ನಾಕ್ಸ್ ಡಾರ್ಸಿ ಎಂಬ ಶ್ರೀಮಂತ 1901ರಲ್ಲಿ ಪರ್ಷಿಯಾದ, ಅಂದರೆ ಇಂದಿನ ಇರಾನಿನ, ದೊರೆಯಿಂದ 60 ವರ್ಷಗಳ ಎಣ್ಣೆ ಪರವಾನಗಿ ಪಡೆದಿದ್ದ. ಬಾವಿ ಕೊರೆದು ಕೊರೆದು ಅವನ ಹಣ ಕರಗಿತು. ಆಗ ಅವನ ನೆರವಿಗೆ ಬಂದದ್ದು ಬರ್ಮಾ ಆಯಿಲ್ ಕಂಪನಿ. ನಮ್ಮ ಅಜ್ಜಂದಿರ ಕಾಲದ ಚಿಮಣಿ ಎಣ್ಣೆಯ ಡಬ್ಬಿಗಳ ಮೇಲೆ ಇದ್ದ 'ಬರ್ಮಾ ಶೆಲ್' ಹೆಸರಿನಲ್ಲಿ ಮೊದಲ ಅರ್ಧ ಈ ಕಂಪನಿಯದೇ. 1908ರಲ್ಲಿ ಮಸ್ಜಿದ್ ಎ ಸುಲೇಮಾನ್ ಎಂಬಲ್ಲಿ ಎಣ್ಣೆ ಚಿಮ್ಮಿತು. 1909ರಲ್ಲಿ ಆಂಗ್ಲೋ ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. ಇಂದಿನ ಬಿಪಿ ಅದರದೇ ಮುಂದುವರಿಕೆ.

ಒಂದೇ ವರ್ಷ, ಎರಡು ದಾರಿ. ಕಣಗಿನಹಾಳದಲ್ಲಿ ಮನುಷ್ಯನಿಗೆ ಮತ, ಗ್ಲಾಸ್ಗೋದಲ್ಲಿ ಹಣಕ್ಕೆ ಮತ. ಎಣ್ಣೆಯ ಲೋಕ ಎರಡನೆಯ ದಾರಿಯಲ್ಲೇ ನಡೆಯಿತು.

ಎಣ್ಣೆ ಪರ್ಷಿಯಾದ್ದು, ಮತ ಲಂಡನ್ನಿನದು

ಡಾರ್ಸಿಯ ಪರವಾನಗಿಯಲ್ಲಿ ಪರ್ಷಿಯಾಕ್ಕೆ ಸಿಕ್ಕಿದ್ದೇನು? 20,000 ಪೌಂಡ್ ನಗದು, 20,000 ಪೌಂಡ್ ಬೆಲೆಯ ಷೇರು, ಜೊತೆಗೆ ವರ್ಷದ ನಿವ್ವಳ ಲಾಭದಲ್ಲಿ ಶೇ. 16. ಕೇಳಲು ಚೆನ್ನಾಗಿದೆ. ಆದರೆ ಲಾಭ ಎಷ್ಟು ಎಂದು ಲೆಕ್ಕ ಬರೆಯುವವರು ಯಾರು? ಕಂಪನಿಯವರು. ಲೆಕ್ಕದ ಪುಸ್ತಕ ನಮಗೆ ಸರಿಯಾಗಿ ತೋರಿಸುತ್ತಿಲ್ಲ ಎಂಬ ದೂರು ಇರಾನಿನಲ್ಲಿ ದಶಕಗಳ ಕಾಲ ಉಳಿಯಿತು.

1914ರಲ್ಲಿ ಬ್ರಿಟಿಷ್ ಸರ್ಕಾರ ಈ ಕಂಪನಿಗೆ 22 ಲಕ್ಷ ಪೌಂಡ್ ಹಾಕಿ ಶೇ. 51ರ ಒಡೆಯನಾಯಿತು. ಯುದ್ಧನೌಕೆಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಿಸುತ್ತಿದ್ದ ವಿನ್‌ಸ್ಟನ್ ಚರ್ಚಿಲ್ ಸಂಸತ್ತಿನಲ್ಲಿ ಇದಕ್ಕಾಗಿ ವಾದಿಸಿದರು. ನಿರ್ದೇಶಕ ಮಂಡಳಿಯಲ್ಲಿ ಸರ್ಕಾರಕ್ಕೆ ಎರಡು ಸ್ಥಾನ ಸಿಕ್ಕಿತು. ನೌಕಾಪಡೆ ಮತ್ತು ವಿದೇಶ ನೀತಿಗೆ ಸಂಬಂಧಿಸಿದ ವಿಷಯಗಳಲ್ಲಿ ತಡೆ ಒಡ್ಡುವ ಅಧಿಕಾರವೂ ಸಿಕ್ಕಿತು. ನೆಲದ ಒಡೆಯನಿಗೆ ಲಾಭದ ತುಣುಕು, ಹಣದ ಒಡೆಯನಿಗೆ ಚಾವಿ!

1951ರಲ್ಲಿ ಇರಾನಿನ ಸಂಸತ್ತು ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು. ಪ್ರಧಾನಿ ಮೊಸಾದ್ದೆಗ್ ಜನರ ಕಣ್ಮಣಿಯಾದರು. 1953ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಗುಪ್ತಚರ ಸಂಸ್ಥೆಗಳ ಕೈವಾಡದಿಂದ ಅವರ ಸರ್ಕಾರ ಉರುಳಿತು. 1954ರಲ್ಲಿ ಇರಾನಿನ ಎಣ್ಣೆಯನ್ನು ನಡೆಸಲು ಒಂದು ಕೂಟ ರಚನೆಯಾಯಿತು. ಅದರ ಹಿಸ್ಸೆಗಳನ್ನು ನೋಡಿ: ಬಿಪಿಗೆ ಶೇ. 40, ಐದು ಅಮೆರಿಕನ್ ಕಂಪನಿಗಳಿಗೆ ತಲಾ 8, ಶೆಲ್ ಕಂಪನಿಗೆ 14, ಫ್ರೆಂಚ್ ಕಂಪನಿಗೆ 6. ಕೂಡಿಸಿದರೆ ನೂರು. ಲಾಭದಲ್ಲಿ ಅರ್ಧ ಇರಾನಿಗೆ ಎಂದು ಮಾತಾಯಿತು. ಆದರೆ ಆ ನೂರರ ಪಟ್ಟಿಯಲ್ಲಿ ಇರಾನಿನ ಹೆಸರು ಎಲ್ಲಿದೆ?

ಇದೇ ಬಿಪಿಯ ಇನ್ನೊಂದು ಘಟನೆ ಕೇಳಿ. 1987ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಉಳಿದ ಷೇರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಅದೇ ವೇಳೆಗೆ ಜಗತ್ತಿನ ಷೇರುಪೇಟೆಗಳು ಕುಸಿದವು. ಆಗ ಕುವೈತಿನ ಹೂಡಿಕೆ ಕಚೇರಿ ಷೇರುಗಳನ್ನು ಕೊಳ್ಳುತ್ತ ಹೋಗಿ ಶೇ. 21.6ರವರೆಗೆ ಬೆಳೆಯಿತು. ಮುಕ್ತ ಮಾರುಕಟ್ಟೆಯಲ್ಲಿ ಹಣ ಕೊಟ್ಟು ಕೊಂಡ ಷೇರು ಅದು. ಆದರೂ ಎಣ್ಣೆ ಉತ್ಪಾದಿಸುವ ದೇಶವೊಂದರ ಕೈಯಲ್ಲಿ ಇಷ್ಟು ಮತ ಇರಬಾರದೆಂದು 1988ರಲ್ಲಿ ಬ್ರಿಟನ್ ತೀರ್ಮಾನಿಸಿತು. ಕುವೈತ್ ಶೇ. 9.9ಕ್ಕೆ ಇಳಿಯಬೇಕಾಯಿತು. ಹಣಕ್ಕೆ ಸ್ವಾಗತವಿತ್ತು, ಮತಕ್ಕೆ ಇರಲಿಲ್ಲ.

ನಮ್ಮ ದೇಶದ ಪಾಠ

ಸ್ವಾತಂತ್ರ್ಯ ಬಂದ ಮೇಲೂ ನಮ್ಮ ದೇಶದ ಎಣ್ಣೆ ವ್ಯಾಪಾರ ಬರ್ಮಾ ಶೆಲ್, ಎಸ್ಸೊ, ಕ್ಯಾಲ್ಟೆಕ್ಸ್ ಎಂಬ ಮೂರು ವಿದೇಶಿ ಕಂಪನಿಗಳ ಕೈಯಲ್ಲಿತ್ತು. 1960ರಲ್ಲಿ ಸೋವಿಯತ್ ರಷ್ಯಾ ಕಡಿಮೆ ಬೆಲೆಗೆ ಕಚ್ಚಾ ಎಣ್ಣೆ ಕೊಡಲು ಮುಂದಾಯಿತು. ನಿಮ್ಮ ಶುದ್ಧೀಕರಣ ಘಟಕಗಳಲ್ಲಿ ಇದನ್ನು ಸಂಸ್ಕರಿಸಿ ಕೊಡಿ ಎಂದು ಭಾರತ ಸರ್ಕಾರ ಕೇಳಿತು. ಕಂಪನಿಗಳು ಒಪ್ಪಲಿಲ್ಲ. ಘಟಕಗಳು ನಮ್ಮ ನೆಲದಲ್ಲಿದ್ದವು, ಕೆಲಸಗಾರರು ನಮ್ಮವರು, ಗಿರಾಕಿಗಳೂ ನಾವೇ. ಆದರೆ ತೀರ್ಮಾನ ಲಂಡನ್ ಮತ್ತು ನ್ಯೂಯಾರ್ಕಿನಲ್ಲಿ ಆಗುತ್ತಿತ್ತು.

ಈ ಅನುಭವದ ಫಲವಾಗಿ ಸರ್ಕಾರಿ ಕಂಪನಿಗಳು ಬಲಗೊಂಡವು. 1956ರಲ್ಲಿ ಹುಟ್ಟಿದ ಓಎನ್‌ಜಿಸಿ ಎಣ್ಣೆ ಹುಡುಕಿತು, ಇಂಡಿಯನ್ ಆಯಿಲ್ ಮಾರಾಟಕ್ಕೆ ಇಳಿಯಿತು. 1973ರಲ್ಲಿ ಜಗತ್ತಿನಾದ್ಯಂತ ಎಣ್ಣೆ ಬಿಕ್ಕಟ್ಟು ಬಂದ ಮೇಲೆ ಸಂಸತ್ತು ಕಾಯಿದೆಗಳನ್ನು ಮಾಡಿ ವಿದೇಶಿ ಕಂಪನಿಗಳ ಆಸ್ತಿಯನ್ನು ವಹಿಸಿಕೊಂಡಿತು. 1974ರಲ್ಲಿ ಎಸ್ಸೊ ಹೋಗಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ವಶವಾಗಿ ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. ಕ್ಯಾಲ್ಟೆಕ್ಸ್ ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ಸೇರಿಕೊಂಡಿತು.

ಮುಂದೆ ಕಾಲ ಬದಲಾಯಿತು. ಕೇಂದ್ರ ಸರ್ಕಾರ ಈ ಎರಡು ಕಂಪನಿಗಳ ಹಿಡಿತವನ್ನೇ ಖಾಸಗಿಯವರಿಗೆ ಮಾರಲು ಹೊರಟಾಗ ಸುಪ್ರೀಂ ಕೋರ್ಟು 2003ರ ಸೆಪ್ಟೆಂಬರಿನಲ್ಲಿ ತಡೆಯಿತು. ಸಂಸತ್ತಿನ ಕಾಯಿದೆಯಿಂದ ಬಂದ ಒಡೆತನವನ್ನು ಬಿಟ್ಟುಕೊಡಬೇಕಾದರೆ ಮೊದಲು ಆ ಕಾಯಿದೆಯನ್ನು ತಿದ್ದಬೇಕು ಎಂಬುದು ತೀರ್ಪಿನ ಸಾರ. ಅಂದರೆ ಈ ಷೇರುಗಳು ಒಂದು ಮಂತ್ರಿಮಂಡಲದ ಸ್ವಂತ ಆಸ್ತಿ ಅಲ್ಲ, ಸಂಸತ್ತಿನ ಮೂಲಕ ಅವು ಜನರವು. ಆದರೆ ಹಳೆಯ ಕಾಯಿದೆಗಳನ್ನು ತೆಗೆದುಹಾಕುವಾಗ 2016ರಲ್ಲಿ ಬರ್ಮಾ ಶೆಲ್ ಕಾಯಿದೆಯೂ ರದ್ದಾಯಿತು. 2019ರ ನವೆಂಬರಿನಲ್ಲಿ ಭಾರತ್ ಪೆಟ್ರೋಲಿಯಂನ ಶೇ. 53.29 ಷೇರು ಮಾರಲು ಮಂತ್ರಿಮಂಡಲ ಒಪ್ಪಿತು. ಕೊಳ್ಳುವವರು ಹಿಂದೆ ಸರಿದದ್ದರಿಂದ 2022ರ ಮೇ ತಿಂಗಳಲ್ಲಿ ಆ ಪ್ರಯತ್ನ ನಿಂತಿತು. ಬೀಗ ಒಂದು ಇತ್ತು, ಅದನ್ನು ತೆಗೆದದ್ದು ಹೆಚ್ಚಿನ ಜನರ ಗಮನಕ್ಕೇ ಬರಲಿಲ್ಲ.

ಮಂಗಳೂರಿನ ಕಥೆ

ಈಗ ನಮ್ಮ ರಾಜ್ಯಕ್ಕೇ ಬರೋಣ. ಮಂಗಳೂರು ರಿಫೈನರಿ, ಅಂದರೆ ಎಂಆರ್‌ಪಿಎಲ್, 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹಗಳ ಜಂಟಿ ಕಂಪನಿಯಾಗಿ ಹುಟ್ಟಿತು. ಇಬ್ಬರದೂ ಸಮಾನ ಹಿಸ್ಸೆ, ಶೇ. 37ಕ್ಕಿಂತ ತುಸು ಹೆಚ್ಚು. ಉಳಿದ ಸುಮಾರು ಕಾಲು ಭಾಗ ಸಾರ್ವಜನಿಕರದು. 1996ರಲ್ಲಿ ಘಟಕ ಉತ್ಪಾದನೆ ಆರಂಭಿಸಿತು, 1999ರಲ್ಲಿ ವಿಸ್ತಾರಗೊಂಡಿತು. ಆದರೆ ಸಾಲದ ಹೊರೆ ಮತ್ತು ನಷ್ಟದಿಂದ ಕಂಪನಿ ಕುಸಿಯತೊಡಗಿತು.

2003ರ ಮಾರ್ಚಿನಲ್ಲಿ ಓಎನ್‌ಜಿಸಿ ಮುಂದೆ ಬಂತು. 10 ರೂಪಾಯಿ ಮುಖಬೆಲೆಯ ಬಿರ್ಲಾ ಷೇರುಗಳನ್ನು ತಲಾ 2 ರೂಪಾಯಿಯಂತೆ ಕೊಂಡಿತು. ಹೊಸ ಷೇರುಗಳಿಗಾಗಿ 600 ಕೋಟಿ ರೂಪಾಯಿ ಹಾಕಿತು. ಸಾಲ ಕೊಟ್ಟ ಸಂಸ್ಥೆಗಳು ಸಾಲದ ಒಂದು ಭಾಗವನ್ನು ಷೇರುಗಳಾಗಿ ಬದಲಿಸಿಕೊಂಡವು. ಮುಂದೆ ಆ ಷೇರುಗಳನ್ನೂ ಓಎನ್‌ಜಿಸಿ ಕೊಂಡಿತು. ಕೊನೆಗೆ ಅದರ ಹಿಸ್ಸೆ ಶೇ. 71.6ಕ್ಕೆ ಮುಟ್ಟಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹಿಂದೂಸ್ತಾನ್ ಪೆಟ್ರೋಲಿಯಂ ತನ್ನ ಒಂದು ಷೇರನ್ನೂ ಮಾರಲಿಲ್ಲ. ಆದರೂ ಅದರ ಹಿಸ್ಸೆ ಶೇ. 37ರಿಂದ 17ಕ್ಕೆ ಇಳಿಯಿತು. ಹೇಗೆ? ಹೊಸ ಷೇರುಗಳು ಹುಟ್ಟಿದ್ದರಿಂದ. ರೊಟ್ಟಿಯ ತುಂಡು ಅಷ್ಟೇ ಇತ್ತು, ರೊಟ್ಟಿ ದೊಡ್ಡದಾಯಿತು. ಸಾರ್ವಜನಿಕರ ಕಾಲು ಭಾಗವೂ ಹೀಗೆಯೇ ಕರಗಿ ಶೇ. 11ರ ಆಸುಪಾಸಿಗೆ ಬಂತು. ಮುಳುಗುತ್ತಿದ್ದ ಕಂಪನಿ ಉಳಿಯಿತು ಎಂಬುದೂ ಅಷ್ಟೇ ನಿಜ. ಒಂದು ಕೋಟಿ ಟನ್ ಮುಟ್ಟದಿದ್ದ ಅದರ ವಾರ್ಷಿಕ ಸಾಮರ್ಥ್ಯ ಮುಂದೆ ಒಂದೂವರೆ ಕೋಟಿ ಟನ್ನಿಗೆ ಬೆಳೆಯಿತು.

2018ರ ಜನವರಿಯಲ್ಲಿ ಮತ್ತೊಂದು ತಿರುವು. ಕೇಂದ್ರ ಸರ್ಕಾರ ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿದ್ದ ತನ್ನ ಶೇ. 51.11 ಹಿಸ್ಸೆಯನ್ನು 36,915 ಕೋಟಿ ರೂಪಾಯಿಗೆ ಓಎನ್‌ಜಿಸಿಗೆ ಮಾರಿತು. ಬಲಗೈಯಿಂದ ಎಡಗೈಗೆ ಎಂದು ಹಲವರು ಆಡಿಕೊಂಡರು. ಆದರೆ ಇದರ ಪರಿಣಾಮ ಮಂಗಳೂರಿನ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ.

ಕಪ್ಪು ಹಲಗೆಯ ಲೆಕ್ಕ

ಪೆನ್ನು ಹಿಡಿಯಿರಿ. ಎಂಆರ್‌ಪಿಎಲ್ 100 ರೂಪಾಯಿ ಲಾಭವನ್ನು ಪೂರ್ತಿಯಾಗಿ ಷೇರುದಾರರಿಗೆ ಹಂಚಿತು ಎಂದುಕೊಳ್ಳಿ. ಓಎನ್‌ಜಿಸಿಗೆ ಸುಮಾರು 72 ರೂಪಾಯಿ. ಓಎನ್‌ಜಿಸಿಯಲ್ಲಿ ಕೇಂದ್ರ ಸರ್ಕಾರದ ಹಿಸ್ಸೆ ಸುಮಾರು ಶೇ. 59. ಹಾಗಾದರೆ ಆ 72ರಲ್ಲಿ ಸರ್ಕಾರದ ಪಾಲು 42 ರೂಪಾಯಿ. ಹಿಂದೂಸ್ತಾನ್ ಪೆಟ್ರೋಲಿಯಂಗೆ 17 ರೂಪಾಯಿ. ಅದರಲ್ಲಿ ಓಎನ್‌ಜಿಸಿಯ ಹಿಸ್ಸೆ ಈಗ ಸುಮಾರು ಶೇ. 55, ಅಂದರೆ 9 ರೂಪಾಯಿಗಿಂತ ತುಸು ಹೆಚ್ಚು. ಅದರಲ್ಲಿ ಮತ್ತೆ ಶೇ. 59 ಸರ್ಕಾರದ್ದು, ಅಂದರೆ ಐದೂವರೆ ರೂಪಾಯಿ. ಒಟ್ಟು ಸುಮಾರು 48 ರೂಪಾಯಿ.

ಲಾಭದಲ್ಲಿ ಸರ್ಕಾರದ ಪಾಲು ಅರ್ಧಕ್ಕಿಂತ ಕಡಿಮೆ. ಮತದಲ್ಲಿ? ಓಎನ್‌ಜಿಸಿಯ 72, ಹಿಂದೂಸ್ತಾನ್ ಪೆಟ್ರೋಲಿಯಂನ 17, ಎರಡೂ ಒಂದೇ ಕಡೆ ಬೀಳುತ್ತವೆ. ನೂರಕ್ಕೆ 88ರಿಂದ 89 ಮತ! ಸರಪಳಿಯ ಪ್ರತಿ ಕೊಂಡಿಯಲ್ಲೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಡಿದರೆ ಸಾಕು, ಕೊನೆಯ ಕೊಂಡಿ ಪೂರ್ತಿ ಕೈಗೆ ಬರುತ್ತದೆ. ಇದು ಸರ್ಕಾರ ಕಂಡುಹಿಡಿದ ಉಪಾಯವಲ್ಲ, ದೊಡ್ಡ ಉದ್ಯಮ ಮನೆತನಗಳೂ ಇದನ್ನೇ ಮಾಡುತ್ತವೆ. ಹಿಸ್ಸೆ ಬೇರೆ, ಹಿಡಿತ ಬೇರೆ ಎಂದು ಮೊದಲಿಗೆ ಹೇಳಿದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೇ?

ಇನ್ನು ಸಣ್ಣ ಷೇರುದಾರನ ಸ್ಥಿತಿ ನೋಡಿ. ಎಂಆರ್‌ಪಿಎಲ್‌ನ ಒಟ್ಟು ಷೇರುಗಳು ಸುಮಾರು 175 ಕೋಟಿ. ನಿಮ್ಮಲ್ಲಿ 100 ಷೇರು ಇದ್ದರೆ 175 ಕೋಟಿಯಲ್ಲಿ 100 ಮತ. ಕಂಪನಿ ಕಾಯಿದೆಯ ಪ್ರಕಾರ ಷೇರುದಾರರು ವಿಶೇಷ ಸಭೆ ಕರೆಸಬೇಕಾದರೆ ಹತ್ತನೆಯ ಒಂದು ಭಾಗ ಮತಬಲ ಬೇಕು. ಸಾರ್ವಜನಿಕರ ಒಟ್ಟು ಹಿಸ್ಸೆಯೇ ಶೇ. 11 ಇರುವಾಗ ದೇಶದ ಮೂಲೆ ಮೂಲೆಯ ಷೇರುದಾರರೆಲ್ಲ ಹೆಚ್ಚುಕಡಿಮೆ ಒಂದಾದರೆ ಮಾತ್ರ ಒಂದು ಸಭೆ ಕರೆಸಬಹುದು.

ಷೇರೇ ಇಲ್ಲದವರ ಮಾತು ಇನ್ನೂ ಹಿಂದೆ. ಕುತ್ತೆತ್ತೂರು, ಪೆರ್ಮುದೆ, ಕಳವಾರು ಭಾಗದ ಹೊಲ, ತೋಟ, ಮನೆಗಳು ಈ ಘಟಕಕ್ಕೂ ಅದರ ಸುತ್ತ ಬೆಳೆದ ಕೈಗಾರಿಕಾ ವಲಯಕ್ಕೂ ಹೋದವು. ಭೂಮಿ ಕೊಟ್ಟವನಿಗೆ ಪರಿಹಾರ ಸಿಗುತ್ತದೆ, ನಿವೇಶನ ಸಿಗಬಹುದು, ಕೆಲವರಿಗೆ ಕೆಲಸವೂ ಸಿಗಬಹುದು. ಷೇರು ಸಿಗುವುದಿಲ್ಲ, ಮತವೂ ಇಲ್ಲ. ಹಣ ಕೊಟ್ಟವನು ಷೇರುದಾರನಾಗುತ್ತಾನೆ. ನೆಲ ಕೊಟ್ಟವನು ಏಕೆ ಆಗುವುದಿಲ್ಲ? ಈ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿದೆ, ನ್ಯಾಯದ ತಕ್ಕಡಿಯಲ್ಲಿ ಇನ್ನೂ ಸಿಕ್ಕಿಲ್ಲ.

ಸಣ್ಣವನೂ ಗೆದ್ದ ಒಂದು ದಿನ

ಹಾಗಾದರೆ ಸಣ್ಣ ಷೇರುದಾರ ಕೈಕಟ್ಟಿ ಕೂರಬೇಕೇ? ಬೇಡ. ಅಮೆರಿಕದ ಎಕ್ಸಾನ್ ಮೊಬಿಲ್ ಜಗತ್ತಿನ ಅತಿ ದೊಡ್ಡ ಎಣ್ಣೆ ಕಂಪನಿಗಳಲ್ಲಿ ಒಂದು. ರಾಕ್‌ಫೆಲ್ಲರ್ 1870ರಲ್ಲಿ ಕಟ್ಟಿದ ಸ್ಟಾಂಡರ್ಡ್ ಆಯಿಲ್ ಸಂಸ್ಥೆಯನ್ನು 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 34 ತುಂಡು ಮಾಡಿಸಿದಾಗ ಹುಟ್ಟಿದ ಎರಡು ದೊಡ್ಡ ತುಂಡುಗಳು 1999ರಲ್ಲಿ ಮತ್ತೆ ಕೂಡಿ ಆದ ಕಂಪನಿ ಇದು. 2021ರಲ್ಲಿ 'ಎಂಜಿನ್ ನಂಬರ್ ಒನ್' ಎಂಬ ಸಣ್ಣ ಹೂಡಿಕೆ ಸಂಸ್ಥೆ ಇದರ ವಿರುದ್ಧ ನಿಂತಿತು. ಅದರ ಹಿಸ್ಸೆ ಶೇ. 0.02 ಮಾತ್ರ. ಅಂದರೆ ಹತ್ತು ಸಾವಿರ ಷೇರುಗಳಲ್ಲಿ ಎರಡು! ಕಂಪನಿ ಮುಂದಿನ ಕಾಲಕ್ಕೆ ಸಿದ್ಧವಾಗುತ್ತಿಲ್ಲ, ಹವಾಮಾನ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ, ಹಣವನ್ನೂ ಸರಿಯಾಗಿ ಬಳಸುತ್ತಿಲ್ಲ ಎಂಬುದು ಅದರ ವಾದ. ಆ ವಾದವನ್ನು ದೊಡ್ಡ ನಿಧಿಗಳ ಮುಂದೆ ಅಂಕಿ ಅಂಶ ಸಮೇತ ಇಟ್ಟಿತು. ಪಿಂಚಣಿ ನಿಧಿಗಳೂ ಬ್ಲಾಕ್‌ರಾಕ್, ವ್ಯಾನ್‌ಗಾರ್ಡ್‌ನಂತಹ ದೈತ್ಯ ಸಂಸ್ಥೆಗಳೂ ಅದರ ಅಭ್ಯರ್ಥಿಗಳಲ್ಲಿ ಕೆಲವರಿಗೆ ಮತ ಹಾಕಿದವು. 12 ಜನರ ನಿರ್ದೇಶಕ ಮಂಡಳಿಗೆ ಅದರ ಮೂವರು ಆಯ್ಕೆಯಾದರು.

ಈ ಗೆಲುವನ್ನು ಅತಿಯಾಗಿ ಹೊಗಳುವುದೂ ಬೇಡ. 2024ರ ಜನವರಿಯಲ್ಲಿ ಅದೇ ಎಕ್ಸಾನ್ ಕಂಪನಿ ಹವಾಮಾನದ ಬಗ್ಗೆ ಠರಾವು ಮಂಡಿಸಿದ ಇಬ್ಬರು ಸಣ್ಣ ಷೇರುದಾರ ಸಂಸ್ಥೆಗಳನ್ನು ನ್ಯಾಯಾಲಯಕ್ಕೆ ಎಳೆಯಿತು. ಅವರು ಠರಾವನ್ನೇ ಹಿಂತೆಗೆದುಕೊಂಡರು. ದೊಡ್ಡವರಿಗೆ ಮತ ಮಾತ್ರವಲ್ಲ, ವಕೀಲರೂ ಇರುತ್ತಾರೆ. ಆದರೂ ಒಂದು ಪಾಠ ಉಳಿಯುತ್ತದೆ. ಹಿಡಿತ ಬರುವುದು ಷೇರಿನ ಸಂಖ್ಯೆಯಿಂದ ಮಾತ್ರವಲ್ಲ. ಚದುರಿದ ಮತಗಳನ್ನು ಒಟ್ಟುಗೂಡಿಸುವ ಶಕ್ತಿಯಿಂದಲೂ ಬರುತ್ತದೆ. ಆದರೆ ಅದಕ್ಕೆ ಚದುರಿದ ಮತಗಳು ಇರಬೇಕು. ಎಂಆರ್‌ಪಿಎಲ್‌ನಂತೆ 88 ಮತ ಒಂದೇ ಕಡೆ ಇದ್ದಲ್ಲಿ ಇದು ಸಾಧ್ಯವಿಲ್ಲ. 2019ರಲ್ಲಿ ಸೌದಿ ಅರಾಮ್ಕೊ ಶೇ. 1.5 ಷೇರುಗಳನ್ನು ಜನರಿಗೆ ಮಾರಿ 2,500 ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿತು. ಅಲ್ಲಿಯೂ ಹೊಸ ಷೇರುದಾರರಿಗೆ ಸಿಕ್ಕಿದ್ದು ಲಾಭಾಂಶ, ಚಾವಿಯಲ್ಲ.

ನಮ್ಮ ಹಿಸ್ಸೆ ಎಲ್ಲಿದೆ?

ನನ್ನಲ್ಲಿ ಒಂದು ಷೇರೂ ಇಲ್ಲ, ನನಗೇಕೆ ಈ ಪುರಾಣ ಎಂದು ಕೇಳುವವರಿಗೆ ಕೊನೆಯ ಮಾತು. ನಿಮ್ಮ ತಂದೆ ಎಲ್‌ಐಸಿ ಪಾಲಿಸಿ ಮಾಡಿಸಿದ್ದರೆ ಆ ಕಂತಿನ ಹಣದ ಒಂದು ಭಾಗ ಎಣ್ಣೆ ಕಂಪನಿಗಳ ಷೇರುಗಳಲ್ಲಿದೆ. ನೌಕರರ ಭವಿಷ್ಯ ನಿಧಿಯೂ 2015ರಿಂದ ತನ್ನ ಹಣದ ಒಂದು ಅಂಶವನ್ನು ಷೇರುಪೇಟೆಯಲ್ಲಿ ಹಾಕುತ್ತಿದೆ. 2006ರ ಏಪ್ರಿಲ್ 1ರ ನಂತರ ನೇಮಕಗೊಂಡ ನಮ್ಮಂತಹ ಶಿಕ್ಷಕರ ಹೊಸ ಪಿಂಚಣಿಯ ಹಣದಲ್ಲೂ ಒಂದು ಭಾಗ ಅಲ್ಲಿಗೇ ಹೋಗಿದೆ. ಅಂದರೆ ನಾವೆಲ್ಲ ಹಿಸ್ಸೇದಾರರೇ. ಆದರೆ ಸಭೆಯಲ್ಲಿ ನಮ್ಮ ಪರವಾಗಿ ಕೈ ಎತ್ತುವವರು ನಿಧಿಯ ವ್ಯವಸ್ಥಾಪಕರು. ಅವರು ಯಾವ ಠರಾವಿಗೆ ಹೌದು ಎಂದರು, ಯಾವುದಕ್ಕೆ ಬೇಡ ಎಂದರು ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಮೂರು ಕೆಲಸ ಕಲಿಯಿರಿ. ಒಂದು, ಕಂಪನಿಯ ವಾರ್ಷಿಕ ವರದಿಯಲ್ಲಿ 'ಷೇರುದಾರರ ವಿವರ' ಎಂಬ ಪುಟವನ್ನು ಓದುವುದು. ಷೇರುಪೇಟೆಯಲ್ಲಿ ಹೆಸರಿರುವ ಪ್ರತಿ ಕಂಪನಿ ಮೂರು ತಿಂಗಳಿಗೊಮ್ಮೆ ಆ ವಿವರವನ್ನು ಪ್ರಕಟಿಸಲೇಬೇಕು. ಎರಡು, ನಿಮ್ಮ ಮನೆಯಲ್ಲಿ ಯಾರಿಗಾದರೂ ಷೇರು ಇದ್ದರೆ ಮತ ಹಾಕಿಸುವುದು. ಇಂದು ಹರ್ತಿಯಲ್ಲಿ ಕುಳಿತೇ ಮೊಬೈಲಿನಲ್ಲಿ ಮತ ಹಾಕಬಹುದು, ಹಾಕುವವರು ಮಾತ್ರ ಕಡಿಮೆ. ಮೂರು, ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಊರಿನ ಸಹಕಾರ ಸಂಘದ ಸಭೆಗೆ ಹೋಗುವುದು. ಎಣ್ಣೆ ಕಂಪನಿಯಲ್ಲಿ 175 ಕೋಟಿಯಲ್ಲಿ ನೂರು ಮತದ ಒಡೆಯ ನೀವು. ಸೊಸೈಟಿಯಲ್ಲಿ ಊರಿನ ಅತಿ ಶ್ರೀಮಂತನ ಮತಕ್ಕೆ ನಿಮ್ಮ ಮತ ಸಮ. ನೂರು ವರ್ಷಗಳ ಹಿಂದೆ ಕಣಗಿನಹಾಳದವರು ನಮ್ಮ ಕೈಗೆ ಕೊಟ್ಟು ಹೋದ ಆ ಸಮಾನ ಮತವನ್ನು ಕೋರಂ ಇಲ್ಲದ ಸಭೆಗಳಲ್ಲಿ ಕಳೆದುಕೊಂಡು, ಲಂಡನ್ನಿನವರು ನಮಗೆ ಮತ ಕೊಡಲಿಲ್ಲ ಎಂದು ದೂರುವುದು ಯಾವ ನ್ಯಾಯ?

ಹಿಸ್ಸೆಯನ್ನು ಹಣದಿಂದ ಕೊಳ್ಳಬಹುದು. ಹಿಡಿತಕ್ಕೆ ತಿಳಿವಳಿಕೆಯೂ ಒಗ್ಗಟ್ಟೂ ಬೇಕು. ಅವೆರಡನ್ನೂ ಗಳಿಸುವ ಜಾಗ ಶಾಲೆ. ಓದಿ, ಲೆಕ್ಕ ಕೇಳಿ, ಸಭೆಗೆ ಹೋಗಿ.